ಹೊಳೆಯಲ್ಲಿ ಪಂಜರ

ಅವಳು ಕಡಲು ಸೇರುವ ಹೊಳೆಯಲ್ಲಿ ಪಂಜರ ಕಟ್ಟಿ ಮೀನು ಸಾಕುತ್ತಿದ್ದಳು. ದಿನವೂ ಪಂಜರದ ಪಕ್ಕದಲ್ಲೇ ಬಲೆ ಬೀಸುತ್ತಿದ್ದ ಬಚ್ಚ, ಅದರ ವಿರುದ್ಧ ಊರವರನ್ನು ಸೇರಿಸಿ ಪಂಚಾಯಿತಿಗೆ ಅರ್ಜಿ ಕೊಟ್ಟ.

"ನೀನ್ ಮೀನಿಗೆ ಹಾಕು ತಿಂಡಿಯಿಂದ ಹೊಳಿ ಹಾಳಾಯ್ತ್. ನಮ್ಮ್ ಮೀನೆಲ್ಲ ಓಡಿಹೋಯ್ತ್."

"ಹಾಂಗಾರೆ ಇಡೀ ಹೊಳಿ ಬಿಟ್ಟ್ ಇಲ್ಲೇ ಎಂತಕ್ ಬಲಿ ಬೀಸ್ತ್ರಿ, ಬಚ್ಚಣ್ಣ?"

"ಅದ್ ನಮ್ಮ್ ಹಕ್ಕ್. ಪಂಜರ ತೆಗಿ ಅಂದ್ರೆ ತೆಗಿ, ಅಷ್ಟೆ."

ಪಂಚಾಯಿತಿಯೂ ಅದನ್ನೇ ಹೇಳಿತು. ಅಂಗೈ ಅಗಲವೂ ಆಗದ ಮೀನನ್ನು ಸಿಕ್ಕ ಬೆಲೆಗೆ ಮಾರಿ, ಅವಳು ಪಂಜರ ಬಿಚ್ಚಿ ದಡಕ್ಕೆ ಎಳೆದು ಹಾಕಿದಳು.

ವಾರ ಕಳೆಯುವುದರೊಳಗೆ ಬಚ್ಚ ಖಾಲಿ ಬುಟ್ಟಿ ಹಿಡಿದು ಅವಳ ಅಂಗಳಕ್ಕೆ ಬಂದ.

"ಎಂತ ಬಚ್ಚಣ್ಣ, ಓಡಿಹೋದ ಮೀನ್ ವಾಪಸ್ ಬಂತಾ?"

"ಎಲ್ಲಿ ಬಪ್ಪುದ್? ನೀನ್ ತಿಂಡಿ ಹಾಕುದ್ ನಿಲ್ಸಿದ್ ಮೇಲೆ ಒಂದ್ ಮೀನೂ ಈ ಬದಿಗೆ ಬತ್ತಿಲ್ಲ. ನಿನ್ನ್ ಮೇಲೆ ಇನ್ನೊಂದ್ ಅರ್ಜಿ ಕೊಡ್ತೆ, ಕಾಣ್!"