ಮುಳುಗುವ ಮುಂಚಿನ ಉಸಿರು

“ಆ ಹೆಂಗ್ಸನ್ನೇ ಮೊದ್ಲ್ ಕರ್ಕಂಡ್ ಹೋಯ್ನಿ. ನಮ್ಮೋರ್ ಈಗ ಲಾಯ್ಕ್ ಉಸ್ರ್ ಎಳೀತ್ರ್,” ಎಂದು ಸೀತು ಪಕ್ಕದ ಮಂಚದ ರೋಗಿಯನ್ನು ಹತ್ತಿಸಿ, ಇದ್ದ ಒಂದೇ ಆಂಬುಲೆನ್ಸನ್ನು ಉಡುಪಿಗೆ ಕಳಿಸಿಬಿಟ್ಟಳು. ಈ ಆಸ್ಪತ್ರೆಯ ಡಯಾಲಿಸಿಸ್ ಯಂತ್ರ ಕೆಟ್ಟು ಒಂಬತ್ತು ದಿನವಾಗಿತ್ತು. ಮಂಚದ ಮೇಲೆ ಅವಳ ಗಂಡ ಗುಡ್ಡನು ಎದೆಯುಬ್ಬಿಸಿ, ಬಿಡುವಿಲ್ಲದೆ, ಆಳವಾಗಿ ಉಸಿರಾಡುತ್ತಿದ್ದ. “ಕಾಣಿ, ಹೊಳಿಯಂಗ್ ಚಿಪ್ಪು ಹೆಕ್ಕುಕ್ ಮುಳ್ಗುವ ಮುಂಚೆ ಹೀಂಗೇ ಎಳೀತಿದ್ರ್. ಶಕ್ತಿ ಬಂತ್,” ಎಂದು ನಕ್ಕಳು.

ನರ್ಸ್ ಸೌಮ್ಯಶ್ರೀ ನಗಲಿಲ್ಲ. “ಅದ್ ಶಕ್ತಿ ಅಲ್ಲ ಅಕ್ಕ. ಕಿಡ್ನಿ ಹೊರಗ್ ಹಾಕ್ಕಾದ ಆಮ್ಲ ಎಲ್ಲ ರಕ್ತದೊಳ್ಗೇ ಉಳ್ಕಂಡಿತ್ತ್. ಕಿಡ್ನಿ ಕೆಲ್ಸವನ್ನ ಈಗ ಶ್ವಾಸಕೋಶ ಮಾಡ್ತಾ ಇತ್ತ್. ಅದೂ ಸೋತ್ರೆ ಮುಗೀತ್.”

ಗಂಡನ ಎದೆಯ ಮೇಲಿದ್ದ ಸೀತುವಿನ ಕೈ ಅವನ ಉಸಿರಿನೊಂದಿಗೆ ಏರಿಳಿಯುತ್ತಿತ್ತು. ಅವಳು ಅದನ್ನು ಕಿತ್ತುಕೊಂಡು ಹೊರಗೆ ಓಡಿದಳು. ಕೆಟ್ಟ ಯಂತ್ರವನ್ನು ಪರಿಶೀಲಿಸಿ, ಅದರ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡ ಅಧಿಕಾರಿ ಕಾರು ಹತ್ತಿ ಉಡುಪಿಗೆ ಹೊರಟಿದ್ದ. ಸೀತು ಕಾರಿನ ಹಿಂದಿನ ಬಾಗಿಲನ್ನು ಎಳೆದು ತೆರೆದಳು.

“ಏನಮ್ಮ ಇದು? ಏನಿದ್ರೂ ಅರ್ಜಿ ಕೊಡು, ನೋಡೋಣ.”

“ಅರ್ಜಿ ಒಳ್ಗ್ ಮಂಚದ್ ಮೇಲಿತ್ತ್, ಈಗ ತತ್ತೆ,” ಎಂದಳು ಸೀತು. “ಹ್ವಾಯ್, ನೀವ್ ಕೆಳ್ಗ್ ಇಳೀನಿ. ಬಸ್ಸಂಗ್ ಹೋಯ್ನಿ.”