‘ಹೆಚ್ಚಾಗಿದೆ’ ಗುಂಡಿ

ಸವಡಿ ಶಾಲೆಯ ಅಡುಗೆಮನೆಯಲ್ಲಿ ಮುಕುಂದ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದರೆ ತಳ ಕಾಣಿಸಿತು. ಒಲೆ ತಣ್ಣಗಿತ್ತು. ಮಕ್ಕಳ ಊಟದ ಗಂಟೆಗೆ ಇನ್ನು ಎರಡೇ ತಾಸು.

ಅವನ ಮೊಬೈಲು ಬೇರೆಯೇ ಹೇಳುತ್ತಿತ್ತು. ಹತ್ತು ಶಾಲೆಗಳಿಗೆ ದಿನಸಿ ಕೊಡುವ ಟ್ರಸ್ಟಿಗೆ, ಏನು ಎಷ್ಟಿದೆಯೆಂದು ಅಡುಗೆಯವರು ಗುಂಡಿ ಒತ್ತಿ ತಿಳಿಸುವ ಆ್ಯಪ್ ಮಾಡಿಕೊಟ್ಟವನು ಅವನೇ. ಅದರ ಪ್ರಕಾರ ಸವಡಿಯಲ್ಲಿ ಅಕ್ಕಿ ‘ಹೆಚ್ಚಾಗಿದೆ’, ಎಣ್ಣೆಯೂ ‘ಹೆಚ್ಚಾಗಿದೆ’. ಅಷ್ಟು ಉಳಿಯುವುದಾದರೆ ಈ ಶಾಲೆಯ ಪಾಲು ಅರ್ಧಕ್ಕಿಳಿಸೋಣ ಎಂದು ಟ್ರಸ್ಟಿನವರು ಹೊರಟಿದ್ದರು. ಒಮ್ಮೆ ನೋಡಿ ಬರುತ್ತೇನೆಂದು ಇವನು ನರಗುಂದದಿಂದ ಬೈಕು ಹತ್ತಿದ್ದ.

“ಮಾಳವ್ವಾ, ಹೆಚ್ಚಾಗಿದೆ ಅಂತ ಯಾಕ ಒತ್ತಿದ್ರಿ?”

“ಹೆಚ್ಚಾಗೇತಿ, ಅದಕ್ಕ ಒತ್ತೀನಿ.” ಅಡುಗೆಯ ಮಾಳವ್ವ ಸೊಂಟದ ಮೇಲೆ ಕೈಯಿಟ್ಟಳು. “ಮೂರು ದಿನಾ ಒತ್ತೀನ್ರಿ, ಗಾಡಿ ಬರಲಿಲ್ಲ. ನಿನ್ನಿ ನಮ್ಮನಿ ಅಕ್ಕಿ ತಂದು ಹಾಕೀನಿ. ಇವತ್ತ ಮನ್ಯಾಗೂ ಹೆಚ್ಚಾಗ್ಯಾವ.”

“ಪಕ್ಕದಾಗ ‘ಖಾಲಿ’ ಅಂತ ಕೆಂಪು ಗುಂಡಿ ಅದ ಅಲ್ರಿ?”

“ಅನ್ನಾ ಮಾಡೋ ಜಾಗಾದಾಗ ಖಾಲಿ ಅಂತಾರೇನ್ರಿ? ನಿಮ್ಮನ್ಯಾಗ ಹಂಗ ಅಂತಾರ?”

ಮುಕುಂದನಿಗೆ ತನ್ನ ಮನೆ ನೆನಪಾಯಿತು. ‘ಕುಂಕುಮ ಹೆಚ್ಚಾಗೇದ, ಬರಬೇಕಾದ್ರ ತೊಗೊಂಡು ಬಾ’ ಎಂದು ತಾಯಿ ಹೇಳಿ ಎರಡು ದಿನವೂ ಆಗಿರಲಿಲ್ಲ. ಮುಗಿದಿದೆ ಎಂದೇ ತಿಳಿದು ತಂದುಕೊಟ್ಟಿದ್ದ. ಆ್ಯಪ್ ಮಾಡುವ ಮೊದಲು ಡಿಸೈನ್ ಥಿಂಕಿಂಗ್ ತರಬೇತಿಗೆ ಬೇರೆ ಹೋಗಿ ಬಂದಿದ್ದ. ಅಲ್ಲಿ ಹೇಳಿಕೊಟ್ಟ ‘ಬಳಸುವವರ ಮನಸ್ಸು ಹೊಕ್ಕು ನೋಡಿ’ ಎಂಬ ಪಾಠವನ್ನು ಹಳದಿ ಚೀಟಿಯಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸಿದ್ದೂ ಅವನೇ. ಹೊಕ್ಕು ನೋಡಲು ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ. ನಿನ್ನೆ ಈಕೆ ಮನೆಯ ಅಕ್ಕಿ ತಂದು ಬೇಯಿಸಿದ್ದನ್ನು ನೆನೆದು ಅವನಿಗೆ ನಾಚಿಕೆಯಾಯಿತು.

ದಿನಸಿ ಗಾಡಿಯ ಖಾದರನಿಗೆ ಫೋನು ಹಚ್ಚಿದ. ಪುಣ್ಯಕ್ಕೆ ಅವನು ರೋಣದಲ್ಲೇ ಇದ್ದ. “ಅರ್ಧಾ ತಾಸಿನ್ಯಾಗ ಬಂದೆ” ಎಂದ. ಮಾಳವ್ವ ಒಲೆ ಹಚ್ಚಿ ಎಸರಿಟ್ಟಳು.

ಮುಕುಂದ ಅಲ್ಲೇ ಮಣೆಯ ಮೇಲೆ ಕೂತು ಕಾಗದ ತೆಗೆದ. ‘ಖಾಲಿ’ಯನ್ನು ಹೊಡೆದು ಹಾಕಿದ. ‘ಹೆಚ್ಚಾಗಿದೆ’ ಒತ್ತಿದರೆ ಗಾಡಿ ಬರಬೇಕು ಎಂದು ಬರೆದುಕೊಂಡ. ಅಷ್ಟಾದ ಮೇಲೆ ಅವನಿಗೆ ಇನ್ನೊಂದು ತೊಡಕು ಹೊಳೆಯಿತು.

“ಮಾಳವ್ವಾ, ಅಕ್ಕಿ ಖರೇನ ಹೆಚ್ಚಾಗಿ ಉಳದ್ರ, ಆ ಗುಂಡಿಗೆ ಏನಂತ ಬರೀಲಿ?”

ಮಾಳವ್ವ ಎಸರಿನ ಮುಚ್ಚಳ ಸರಿಸಿ ನೋಡಿದಳು.

“ಹಂಗ ಎಂದೂ ಆಗಿಲ್ರಿ. ಆದ ದಿನಾ ಕುಂತು ಒಂದು ಹೆಸರು ಇಡೂಣು.”