ಕೊನೆಯಿಂದ ಎರಡನೆಯವನು

ಗಡಿಯಾರ ರಿಪೇರಿಯವನು ಹಿಂತಿರುಗಿ ನೋಡಿದ. ಮುದುಕಿ ಹತ್ತು ಹೆಜ್ಜೆ ಹಿಂದೆಯೇ ಇದ್ದಳು. ಹೋದ ಜೀವ ಬಂದಂತಾಯಿತು.

ಯಾವ ಕಾರಣಕ್ಕೂ ಅವನು ಕೊನೆಯವನಾಗುವಂತಿರಲಿಲ್ಲ. ಹೊರಡುವಾಗಲೇ ಮುಂದಾಳು ಹುಡುಗಿ ಖಡಾಖಂಡಿತವಾಗಿ ಹೇಳಿದ್ದಳು: "ಅರ್ಧ ದಾರೀಲಿ ಒಂದು ಗುಡಿಸಲಿದೆ. ತೀರಾ ಹಿಂದೆ ಬಿದ್ದವರನ್ನ ಅಲ್ಲೇ ಕೂರಿಸಿ ಹೋಗ್ತೀವಿ. ಮಂಜಲ್ಲಿ ಕಾಯೋಕಾಗಲ್ಲ."

ಗುಡಿಸಲಲ್ಲಿ ಕೂತರೆ ಅಂಗಡಿ ಹೋದಂತೆಯೇ. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ವರ್ಷ ಕಳೆದಿತ್ತು. ಡಾಕ್ಟರು ನಡೆಯಿರಿ ಎಂದಿದ್ದರು. ಮಗಳು ಕೂರು ಎಂದಿದ್ದಳು. ಮೂವತ್ತೆಂಟು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಅಂಗಡಿಯ ಬೀಗದ ಕೈ ಈಗ ಅವಳ ಬೀರುವಿನಲ್ಲಿತ್ತು. ಒಂದು ದಿನ ಅವನು ಊಟದ ತಟ್ಟೆ ತಳ್ಳಿ ಕೇಳಿದ, "ಏನು ಮಾಡಿದ್ರೆ ಕೊಡ್ತೀಯ?"

ಮಗಳು ಕ್ಯಾಲೆಂಡರಿನ ಚಿತ್ರ ತೋರಿಸಿದಳು. "ಆ ಬೆಟ್ಟದ ತುದೀಲಿ ನದಿ ಹುಟ್ಟುತ್ತಂತಪ್ಪ. ಅಲ್ಲಿಂದ ಒಂದು ಬಾಟಲಿ ನೀರು ತಾ, ಕೊಡ್ತೀನಿ."

ಆಗದ ಮಾತೆಂದೇ ಹೇಳಿದ್ದಳು. ಮರುದಿನವೇ ಅವನು ಬೆಟ್ಟ ಹತ್ತುವ ಶನಿವಾರದ ಗುಂಪಿಗೆ ಹೆಸರು ಬರೆಸಿ ಬಂದ.

ಊರಿಗೆಲ್ಲ ಸಮಯ ಸರಿಮಾಡಿ ಕೊಡುವವನು ಬೆಟ್ಟದ ಬುಡಕ್ಕೆ ಮಾತ್ರ ಕಾಲು ಗಂಟೆ ತಡವಾಗಿ ತಲುಪಿದ್ದ. ಪರಿಚಯದ ಮಾತೆಲ್ಲ ಮುಗಿದಿತ್ತು. "ಹನ್ನೆರಡು ಜನ, ಸರಿಯಾಯ್ತು" ಎಂದಳು ಮುಂದಾಳು. ಅವನೂ ಎಣಿಸಿದ. ಅವಳನ್ನು ಬಿಟ್ಟರೂ ಹದಿಮೂರು. ಈಗಿನವರಿಗೆ ಫೋನಿಲ್ಲದೆ ಎಣಿಸಲೂ ಬಾರದು ಎಂದುಕೊಂಡ.

ದೂರದ ಬೆಟ್ಟ ನುಣ್ಣಗೆ ಎಂಬುದು ಮೊದಲ ಏರಿನಲ್ಲೇ ಗೊತ್ತಾಯಿತು. ಹರೆಯದವರೆಲ್ಲ ನಗುತ್ತ ಮಂಜಿನಲ್ಲಿ ಕರಗಿದರು. ಉಳಿದವರು ಅವನು ಮತ್ತು ಮುದುಕಿ. ಅವಳ ವಯಸ್ಸು ಎಪ್ಪತ್ತರ ಹತ್ತಿರ. ಬೆನ್ನಿಗೆ ತನ್ನಷ್ಟೇ ದಪ್ಪದ ಚೀಲ. ಕೊರಳಲ್ಲಿ ದಾರ ಕಟ್ಟಿದ ಸೀಟಿ. ದಾರಿ ತಪ್ಪಿದರೆ ಊದಲಿ ಎಂದು ಮನೆಯವರು ಕಟ್ಟಿ ಕಳಿಸಿರಬೇಕು. ಅವನು ನಿಂತಾಗಲೆಲ್ಲ ಅವಳೂ ನಿಂತು ಬೂಟಿನ ದಾರ ಬಿಗಿಯುತ್ತಿದ್ದಳು. ಸುಸ್ತು ಮುಚ್ಚಿಕೊಳ್ಳುವ ಉಪಾಯ! ಅದು ಅವನಿಗೆ ಗೊತ್ತಿಲ್ಲದ್ದೇ?

ಮಂಜಿನಲ್ಲಿ ಏದುಸಿರು ಜೋರಾಗಿ ಕೇಳಿಸುತ್ತಿತ್ತು. ಪಾಪ, ಮುದುಕಿ ಎಂದುಕೊಂಡ.

ಒಂದು ಪಾಚಿಗಲ್ಲಿನ ಮೇಲೆ ಅವನ ಕಾಲು ಜಾರಿತು. ಬೀಳುವಷ್ಟರಲ್ಲಿ ಅವಳ ಕೈ ರಟ್ಟೆ ಹಿಡಿದಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, "ನಿಮಗೋಸ್ಕರ ನಿಂತೆ ಅಕ್ಕ. ನೀವು ಮುಂದೆ ನಡೀರಿ" ಎಂದ.

"ಬೇಡಪ್ಪ, ನೀವೇ ನಡೀರಿ. ನಂದು ಯಾವಾಗ್ಲೂ ಹಿಂದೇನೇ."

ಆ ಮಾತು ಅವನ ಎದೆಗೆ ನಾಟಿತು. ಯಾವಾಗಲೂ ಹಿಂದೆ! ಇವಳಿಗೂ ಮನೆಯಲ್ಲಿ ಕೂರು ಎನ್ನುವ ಮಗಳೊಬ್ಬಳು ಇರಬೇಕು. ಅಲ್ಲಿಯವರೆಗೆ ಇವಳು ಹಿಂದಿರಲಿ ಎಂದು ಹಾರೈಸುತ್ತ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಗುಡಿಸಲು ತಲುಪಿದಾಗ ಉಳಿದವರು ಚೀಲ ಏರಿಸಿಕೊಂಡು ನಿಂತಿದ್ದರು. ಮುಂದಾಳು ಅವನ ತಲೆಯ ಮೇಲಿಂದ ಮುದುಕಿಯನ್ನು ನೋಡಿದಳು.

"ಏನಜ್ಜಿ, ಮೇಲೆ ಹತ್ತೋಕಾಗುತ್ತಾ? ಇಲ್ಲೇ ಕೂರಿಸೋದಾ?"

ಅವನ ಪಿತ್ತ ನೆತ್ತಿಗೇರಿತು. "ಏನಮ್ಮ, ವಯಸ್ಸಾಯ್ತು ಅಂದ್ರೆ ನಿಂತುಹೋದ ಗಡಿಯಾರ ಅಂದ್ಕೊಂಡ್ಯಾ? ಮೂಲೇಲಿ ಇಟ್ಟು ಹೋಗೋಕೆ? ಇಲ್ಲಿ ಯಾರನ್ನೂ ಕೂರಿಸೋ ಹಾಗಿಲ್ಲ! ಇವರು ಇಲ್ಲೇ ಉಳಿದ್ರೆ ನಾನೂ ಉಳೀತೀನಿ. ನಾನು ಹತ್ತಿದ್ರೆ ಇವರೂ ಹತ್ತುತ್ತಾರೆ!"

ಮುಂದಾಳು ಕಣ್ಣರಳಿಸಿದಳು. ಮುದುಕಿ ಸೆರಗಿನಿಂದ ಬಾಯಿ ಒತ್ತಿಕೊಂಡು ಸ್ವಲ್ಪ ಕೆಮ್ಮಿದಳು.

"ಹೊರಡೋಣಮ್ಮ. ಉಸಿರು ಪರವಾಗಿಲ್ಲ, ಕಾಲೂ ಗಟ್ಟಿ ಇದೆ. ಎಲ್ಲಕ್ಕಿಂತ ಹಟ ಗಟ್ಟಿ ಇದೆ."

"ಹಾಗನ್ನಿ ಅಕ್ಕ!" ಎಂದು ಅವನು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿದ.

ಉಳಿದ ದಾರಿಯನ್ನು ಅವನು ಇಬ್ಬರ ಪರವಾಗಿ ಹತ್ತಿದ. ನಿಂತಾಗೊಮ್ಮೆ ಹಿಂದೆ ತಿರುಗಿ, "ಬಿಡಬೇಡಿ ಅಕ್ಕ, ನಾನಿದ್ದೀನಿ" ಎಂದು ಧೈರ್ಯ ಹೇಳಿದ. ಅವಳು ಪ್ರತಿ ಸಲವೂ ತಲೆಯಾಡಿಸಿದಳು.

ತುದಿಯಲ್ಲಿ ಒಂದು ಬಂಡೆ ಸೀಳಿಕೊಂಡಿತ್ತು. ಆ ಸೀಳಿನಿಂದ ಹೆಬ್ಬೆರಳಿನಷ್ಟು ದಪ್ಪದ ನೀರು ಬೀಳುತ್ತಿತ್ತು. ನದಿಯೆಂದರೆ ಇಷ್ಟೇ! ಗಡಿಯಾರ ರಿಪೇರಿಯವನು ಮಂಡಿಯೂರಿ ಬಾಟಲಿ ತುಂಬಿಸಿದ, ಮುಚ್ಚಳವನ್ನು ಎರಡು ಸಲ ಬಿಗಿದ. ಬೀಗದ ಕೈ ಆಗಲೇ ಕೈಗೆ ಬಂದಷ್ಟು ಸಂತೋಷವಾಯಿತು. ಬೊಗಸೆ ತುಂಬ ನೀರು ಹಿಡಿದು ಮೊದಲು ಮುದುಕಿಯ ಕೈಗೆ ಸುರಿದ.

ಪಕ್ಕದಲ್ಲಿ ಮುಂದಾಳು ವಾಕಿಟಾಕಿಯಲ್ಲಿ ಕೆಳಗಿನವರಿಗೆ ಹೇಳುತ್ತಿದ್ದಳು. "ಹನ್ನೆರಡೂ ಜನ ತಲುಪಿದ್ರು."

ಅವನು ಎದ್ದು ನಿಂತ. ಎಲ್ಲರಿಗೂ ಕೇಳಿಸುವಂತೆಯೇ ಗದರಿದ. "ಹದಿಮೂರು ಕಣಮ್ಮ! ಇಷ್ಟು ಕಷ್ಟಪಟ್ಟು ಹತ್ತಿದ್ದಾರೆ, ಈ ಅಕ್ಕ ನಿನ್ನ ಲೆಕ್ಕಕ್ಕೇ ಇಲ್ವಾ?"

"ಅಜ್ಜೀನ ಎಣಿಸಲ್ಲ ಅಂಕಲ್," ಎಂದಳು ಮುಂದಾಳು, "ಅವರು ನಮ್ಮವರೇ. ಇಪ್ಪತ್ತು ವರ್ಷದಿಂದ ಪ್ರತಿ ಗುಂಪಲ್ಲೂ, ಎಲ್ಲರಿಗಿಂತ ಕೊನೇಲಿ ಇರೋರ ಹಿಂದೆ ನಡೆಯೋದೇ ಅವರ ಕೆಲಸ."